ಎಲೆಯೊಳಗಿನ ಓಟವನ್ನು ನಾನು ನಿಲ್ಲಿಸಿದ್ದು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಿಟ್ಟೂರಿನಿಂದ ಎರಡು ಮೈಲಿ ಒಳಗೆ ನಮ್ಮ ಊರು. ಓದುವುದೆಂದರೆ ತಪ್ಪಿಲ್ಲದೆ ಬರೆಯುವುದು ಎಂದೇ ನಾನು ಬಹುಕಾಲ ನಂಬಿದ್ದೆ. ತಪ್ಪು ಮಾಡಿ ನಕ್ಕು ಸುಮ್ಮನಾಗುವ ಸಲುಗೆ ವಕೀಲರ ಮಕ್ಕಳಿಗೆ, ಅಮಲ್ದಾರರ ಮಕ್ಕಳಿಗೆ ಇತ್ತು. ನಾನು ಒಂದು ತಪ್ಪು ಮಾಡಿದರೆ ಯಾರೋ ಬಂದು, 'ನೀನು ಇಲ್ಲಿಗೆ ಹೇಗೆ ಬಂದೆಯಪ್ಪಾ?' ಎಂದು ಕೇಳಿಬಿಡುತ್ತಾರೆಂಬ ಭಯ ನನಗಿತ್ತು. ಈ ಭಯವನ್ನು ಮೊದಲೇ ಹೇಳಿಬಿಡುವುದು ಉಚಿತ. ಇದನ್ನು ಬಿಟ್ಟರೆ, ಆ ದಿನ ನಾನು ಮಾಡಿದ ಕೆಲಸಕ್ಕೆ ಬೇರೆ ಕಾರಣವೇ ಇಲ್ಲ.

ಅದು ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ತುಮಕೂರಿನ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಬರವಣಿಗೆಯ ಪರೀಕ್ಷೆಗಳೆಲ್ಲ ಮುಗಿದು ಸಸ್ಯಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯೊಂದು ಮಾತ್ರ ಉಳಿದಿತ್ತು. ಅದರಲ್ಲಿ ತೇರ್ಗಡೆಯಾಗದಿದ್ದರೆ ಪದವಿಯೇ ಇಲ್ಲ. ಕುಣಿಗಲ್ಲಿನ ಒಂದು ಪ್ರೌಢಶಾಲೆಯವರು, ಪಾಸಾದರೆ ಜೂನ್ ತಿಂಗಳಿಂದಲೇ ವಿಜ್ಞಾನದ ಮೇಷ್ಟರಾಗಿ ಬರಬಹುದು ಎಂದು ಹೇಳಿಕಳಿಸಿದ್ದರು. ಅಪ್ಪನಂತೂ ಗುಬ್ಬಿಯ ಸಂತೆಯಲ್ಲಿ ಕಂಡಕಂಡವರಿಗೆಲ್ಲ, "ನಮ್ಮುಡ್ಗ ಬಿಎಸ್ಸಿ ಮಾಡವ್ನೆ" ಎಂದು ಆಗಲೇ ಸಾರಿಬಿಟ್ಟಿದ್ದರು. ಮಾಡುತ್ತಿದ್ದಾನೆ ಎನ್ನಿ ಎಂದು ನಾನು ಎಷ್ಟೋ ಬಾರಿ ತಿದ್ದಿದ್ದೆ. "ಎಲ್ಡೂ ಒಂದೇ ಬುಡು" ಎನ್ನುತ್ತಿದ್ದರು.

ಇಲ್ಲಿ ನಮ್ಮ ಓದಿನ ಒಂದು ಪದ್ಧತಿಯನ್ನು ವಿವರಿಸಬೇಕು. ಪ್ರತಿ ಪ್ರಯೋಗವನ್ನೂ ಮಾಡಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು ಅಧ್ಯಾಪಕರ ಸಹಿ ಪಡೆಯುವುದು ನಿಯಮ. ಆದರೆ ಆರು ಮಂದಿಗೆ ಒಂದು ಮೈಕ್ರೋಸ್ಕೋಪು. ಕಿಟಕಿಯ ಬಿಸಿಲನ್ನು ಅದರ ಕನ್ನಡಿಯಿಂದ ಹಿಡಿದು ಮೇಲಕ್ಕೆ ಬಿಡಬೇಕು. ನನ್ನ ಸರದಿ ಬರುವ ಹೊತ್ತಿಗೆ ಬಿಸಿಲು ಪಕ್ಕದ ಗೋಡೆಗೆ ಹೋಗಿರುತ್ತಿತ್ತು. "ಕಾಣಿಸ್ತೇನ್ರೀ?" ಎಂದು ಅಧ್ಯಾಪಕರು ಕೇಳುವರು. "ಕಾಣಿಸ್ತು ಸಾರ್" ಎನ್ನುವೆನು. ಕಾಣಲಿಲ್ಲವೆಂದರೆ ಕಣ್ಣಿನದೋ ಬುದ್ಧಿಯದೋ ದೋಷ ನನ್ನದೇ ಆಗುತ್ತಿತ್ತಲ್ಲ!

ಹಾಗಾಗಿ ಚಿತ್ರಗಳು ಬೇರೆ ದಾರಿಯಿಂದ ಬರುತ್ತಿದ್ದವು. ನಮ್ಮ ಹಾಸ್ಟೆಲಿನಲ್ಲಿ ಹಿಂದಿನ ಯಾವನೋ ಜಾಣನ ರೆಕಾರ್ಡ್ ಪುಸ್ತಕವನ್ನು ಒಬ್ಬ ನೋಡಿ ಬರೆದಿದ್ದ, ಅವನದನ್ನು ಇನ್ನೊಬ್ಬ, ಅವನದನ್ನು ನಾನು. ಹೈಡ್ರಿಲ್ಲಾ ಎಂಬ ಕೆರೆಯ ಸಸ್ಯವೊಂದಿದೆ. ನೀರಿನೊಳಗೆ ಪಾಚಿಯಂತೆ ಬೆಳೆಯುವ ಅದರ ಎಲೆ ತೀರಾ ತೆಳು. ಹಾಗೆಯೇ ಗಾಜಿನ ಮೇಲಿಟ್ಟರೆ ಜೀವಕೋಶಗಳು ಕಾಣುತ್ತವೆ. ಅದರ ಚಿತ್ರವನ್ನೂ ನಾನು ಹಾಗೆಯೇ ನಕಲು ಮಾಡಿದ್ದೆ. ಇಟ್ಟಿಗೆಯಂಥ ಕೋಶಗಳು, ಒಳಗೆ ಹಸಿರು ಕಣಗಳು, ಅಂಚಿನಲ್ಲಿ ಕೆಲವು ಸಣ್ಣ ಗೆರೆಗಳು. ಆ ಗೆರೆಗಳು ಏನೆಂದು ನನಗೆ ತಿಳಿದಿರಲಿಲ್ಲ. ಚಿತ್ರದಲ್ಲಿ ಇದ್ದವು, ಆದ್ದರಿಂದ ನಾನೂ ಹಾಕಿದೆ. ಜೀವರಸವು ಕೋಶದೊಳಗೆ ಸಂಚರಿಸುತ್ತದೆ ಎಂಬ ವಾಕ್ಯ ಮಾತ್ರ ಇಂಗ್ಲಿಷಿನಲ್ಲಿ ಬಾಯಿಪಾಠವಾಗಿತ್ತು. ಭೂಮಿ ತಿರುಗುತ್ತದೆ ಎನ್ನುವುದಿಲ್ಲವೇ, ಅಂಥದೊಂದು ಮಾತು ಅದು. ಕಣ್ಣಿಗೆ ಕಾಣುವ ಸಂಗತಿಯೆಂದು ಯಾರು ಭಾವಿಸುತ್ತಾರೆ?

ಪರೀಕ್ಷೆಗೆಂದು ಹೊರಗಿನಿಂದ ಬಂದ ಪರೀಕ್ಷಕರು, ಹಣೆಗೆ ತೆಳುವಾಗಿ ಗಂಧ ಹಚ್ಚಿದ ಮಿತಭಾಷಿಗಳು, ಹಿಂದಿನ ದಿನವೇ ಒಂದು ಷರತ್ತು ಹಾಕಿದ್ದರು: ಸಸ್ಯಗಳೆಲ್ಲ ಹೊಸದಾಗಿರಬೇಕು, ಬಾಟಲಿಯಲ್ಲಿ ಇಟ್ಟವು ಕೂಡದು. ನಮ್ಮ ಪ್ರಯೋಗಾಲಯದಲ್ಲಿ ಅಲ್ಲಿಯವರೆಗೆ ಬಹುಪಾಲು ಎಲ್ಲವೂ, ಕೊಳೆಯದಂತೆ ಕಾಯ್ದಿಡುವ ಫಾರ್ಮಲಿನ್ ದ್ರವದಲ್ಲಿಯೇ ಇರುತ್ತಿದ್ದವು. ಅಟೆಂಡರು ಕುಣಿಗಲ್ ಕಡೆಯವರು, ನಮ್ಮ ಅಪ್ಪನಷ್ಟು ವಯಸ್ಸು. ಪರೀಕ್ಷೆಯ ದಿನ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಕುಣಿಗಲ್ ಕೆರೆಯಿಂದ ಮುಚ್ಚಳದ ತಂಬಿಗೆಯಲ್ಲಿ ಹೈಡ್ರಿಲ್ಲಾ ತಂದಿದ್ದರು. ದಾರಿಯುದ್ದಕ್ಕೂ ತಂಬಿಗೆಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರಂತೆ. "ಕಂಡಕ್ಟ್ರು ಕೇಳ್ತಾನೆ, ಏನ್ ಯಜಮಾನ್ರೆ ತುಪ್ಪಾನಾ ಅಂತ. ಬಿಎಸ್ಸಿ ಹುಡುಗ್ರಿಗೆ ಸೊಪ್ಪು ಕಣಪ್ಪ ಅಂದೆ" ಎಂದು ನಗುತ್ತ ನನ್ನ ಮುಂದಿನ ಗಾಜಿನ ಬಟ್ಟಲಿಗೆ ಒಂದು ಕಡ್ಡಿ ಹಾಕಿದರು. "ಹೆದರ್ಬ್ಯಾಡ ಕಣಪ್ಪ. ಎಲ್ಲಾ ಆಯ್ತದೆ."

ನನಗೆ ಬಂದ ಪ್ರಶ್ನೆ ಸರಳವಾಗಿತ್ತು: ಕೊಟ್ಟಿರುವ ಎಲೆಯನ್ನು ಸ್ಲೈಡಿನ ಮೇಲೆ ಅಣಿಗೊಳಿಸಿ, ಹೆಚ್ಚಿನ ವರ್ಧನೆಯಲ್ಲಿ ಪರೀಕ್ಷಕರಿಗೆ ತೋರಿಸಿ, ಚಿತ್ರ ಬರೆಯುವುದು. ಆ ದಿನ ನನಗೆ ಒಂದು ಮೈಕ್ರೋಸ್ಕೋಪು ಪೂರ್ತಿಯಾಗಿ ದೊರೆತಿತ್ತು. ಕಿಟಕಿಯ ಪಕ್ಕದ ಸ್ಥಳವೂ ದೊರೆತಿತ್ತು. ಎಲೆಯನ್ನು ಚಿಮಟದಲ್ಲಿ ಕಿತ್ತು ನೀರಿನ ಹನಿಯ ಮೇಲಿಟ್ಟೆ, ತೆಳುಗಾಜಿನ ಕವರ್‌ಸ್ಲಿಪ್ ಮುಚ್ಚಿದೆ, ಕನ್ನಡಿ ತಿರುಗಿಸಿ ಬಿಸಿಲು ಹಿಡಿದೆ, ಕಣ್ಣಿಟ್ಟೆ.

ಹಸಿರು ಕಣಗಳು ಓಡುತ್ತಿದ್ದವು.

ಓಡುತ್ತಿದ್ದವು ಎಂಬ ಪದವನ್ನು ವಿಚಾರ ಮಾಡಿಯೇ ಬಳಸುತ್ತಿದ್ದೇನೆ. ಒಂದರ ಹಿಂದೆ ಒಂದು, ಕೋಶದ ಗೋಡೆಯನ್ನು ಸವರಿಕೊಂಡು ಮೂಲೆಯವರೆಗೆ ಹೋಗಿ, ಮೂಲೆಯಲ್ಲಿ ತಿರುಗಿ, ಆಚೆ ಗೋಡೆಯಿಂದ ಹಿಂದಕ್ಕೆ ಬರುತ್ತಿದ್ದವು. ಕಣ್ಣು ತೆಗೆದು ಬಟ್ಟಲಿನಲ್ಲಿದ್ದ ಕಡ್ಡಿಯನ್ನು ನೋಡಿದೆ. ಅದು ಅಲುಗದೆ ಬಿದ್ದಿತ್ತು. ಮತ್ತೆ ಕಣ್ಣಿಟ್ಟೆ. ಓಟ ನಿಂತಿರಲಿಲ್ಲ.

ಈ ಘಳಿಗೆಯಲ್ಲಿ ಸಂತೋಷಪಡಬೇಕಾಗಿತ್ತೆಂದು ಈಗ ಯಾರಾದರೂ ಹೇಳಬಹುದು. ನನಗೆ ಬಂದ ಮೊದಲ ಯೋಚನೆ, ನಾನು ಏನೋ ಕೆಡಿಸಿದ್ದೇನೆ ಎಂಬುದು. ಕವರ್‌ಸ್ಲಿಪ್ಪಿನ ಅಡಿಯಲ್ಲಿ ನೀರು ಹರಿಯುತ್ತಿರಬೇಕು, ಎಲೆ ಎಲ್ಲೋ ಹರಿದಿರಬೇಕು. ಮೂರು ವರ್ಷದಲ್ಲಿ ಒಳ್ಳೆಯ ಸ್ಲೈಡೆಂದು ನನಗೆ ತೋರಿಸಿದ್ದೆಲ್ಲವೂ ನಿಶ್ಚಲವಾಗಿತ್ತು. ಬ್ಲಾಟಿಂಗ್ ಕಾಗದದಿಂದ ಅಂಚಿನ ನೀರು ಹೀರಿದೆ. ಓಟ ನಿಲ್ಲಲಿಲ್ಲ. ಕವರ್‌ಸ್ಲಿಪ್ಪನ್ನು ಸೂಜಿಯ ಹಿಡಿಯಿಂದ ಮೆಲ್ಲಗೆ ಒತ್ತಿದೆ. ನಿಲ್ಲಲಿಲ್ಲ. ಪರೀಕ್ಷಕರು ಮೂರನೆಯ ಮೇಜಿಗೆ ಬಂದಿದ್ದರು, ನನ್ನದು ಐದನೆಯದು.

ಮೇಜಿನ ಮೇಲೆ ಎಂದಿನಂತೆ ಫಾರ್ಮಲಿನ್ ಬಾಟಲಿ ಇತ್ತು. ಡ್ರಾಪರಿನಿಂದ ಒಂದು ಹನಿಯನ್ನು ಕವರ್‌ಸ್ಲಿಪ್ಪಿನ ಅಂಚಿಗೆ ಬಿಟ್ಟು, ಎದುರು ಅಂಚಿನಿಂದ ಕಾಗದದಲ್ಲಿ ಎಳೆದುಕೊಂಡೆ. ಅದು ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಕಣ್ಣಿಟ್ಟು ನೋಡುತ್ತಿದ್ದಂತೆ ಕಣಗಳ ಸಾಲು ತಡವರಿಸಿತು. ಮೂಲೆಯಲ್ಲಿ ತಿರುಗಬೇಕಾದವು ಮೂಲೆಯಲ್ಲೇ ಗುಂಪಾದವು. ಆಮೇಲೆ ಎಲ್ಲವೂ ನಿಂತವು. ಈಗ ಅದು ನನ್ನ ರೆಕಾರ್ಡಿನ ಚಿತ್ರದಂತೆಯೇ ಇತ್ತು. ನಾನು ನಿಟ್ಟುಸಿರು ಬಿಟ್ಟು ಪೆನ್ಸಿಲು ಹಿಡಿದೆ.

ಪರೀಕ್ಷಕರು ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದೇನ್ರೀ, ಸತ್ತುಹೋಗಿದೆ?"

ನನಗೆ ಅರ್ಥವಾಗಲಿಲ್ಲ. ಸೊಪ್ಪು ಸಾಯುವುದೆಂದರೇನು?

"ಆಚೆ ಮೇಜಲ್ಲಿ ಇಬ್ಬರದ್ದೂ ಚೆನ್ನಾಗಿ ಸುತ್ತುತಾ ಇದೆ. ನಿಮ್ಮದು ಒಂದು ಕಣವೂ ಅಲ್ಲಾಡ್ತಾ ಇಲ್ಲವಲ್ಲ!" ಎಂದು ಹೇಳಿ, ಬಾಗಿಲ ಬಳಿ ನಿಂತಿದ್ದ ಅಟೆಂಡರ ಕಡೆ ತಿರುಗಿದರು. "ಏನಯ್ಯಾ, ಹಳೇದು ಹಾಕಿದೀಯಾ ಇವರಿಗೆ? ಅಷ್ಟು ಹೇಳಿದ್ದೆನಲ್ಲಾ!"

ಅಟೆಂಡರ ಮುಖ ಬಿಳಚಿಕೊಂಡಿತು. "ಇಲ್ಲ ಬುದ್ಧಿ, ಒಂದೇ ತಂಬಿಗೇದು. ಬೆಳಿಗ್ಗೆ ನಾನೇ ಕೆರೆಗಿಳಿದು ಕಿತ್ಕೊಂಡ್ ಬಂದಿವ್ನಿ" ಎಂದರು. ಅವರ ಪಂಚೆಯ ಅಂಚು ಇನ್ನೂ ಕೆಸರಾಗಿಯೇ ಇತ್ತು.

ಒಂದು ಕ್ಷಣ, ಬರೆಯಲು ನಾಚಿಕೆಯಾಗುತ್ತದೆ, ನಾನು ಸುಮ್ಮನಿದ್ದೆ. ಹಾಗೆಯೇ ಇದ್ದುಬಿಟ್ಟಿದ್ದರೆ ತಪ್ಪು ಅಟೆಂಡರದಾಗುತ್ತಿತ್ತು, ನನಗೆ ಪದವಿಯಾಗುತ್ತಿತ್ತು. ಅಟೆಂಡರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ದೂರಿರಲಿಲ್ಲ. ಸೊಪ್ಪಿಗೆ ಏನಾಯಿತೆಂದು ಅವರಿಗೇ ದಿಗಿಲಾಗಿತ್ತು.

"ಓಡ್ತಾ ಇತ್ತು ಸಾರ್" ಎಂದೆ. "ನಾನೇ ನಿಲ್ಲಿಸಿದೆ."

"ನಿಲ್ಲಿಸಿದ್ರಾ?"

"ಫಾರ್ಮಲಿನ್ ಬಿಟ್ಟೆ ಸಾರ್. ತಪ್ಪಾಗಿದೆ ಅಂದ್ಕೊಂಡೆ. ಸರಿ ಮಾಡೋಣ ಅಂತ..."

ಮೇಜಿನ ಆಚೆ ಯಾರೋ ಕಿಸಕ್ಕೆಂದರು. ಪರೀಕ್ಷಕರು ನಗಲಿಲ್ಲ. ನನ್ನ ರೆಕಾರ್ಡ್ ಪುಸ್ತಕವನ್ನು ಎಳೆದು ಆ ಪುಟ ತೆಗೆದರು. ಕೆಳಗೆ ಅಧ್ಯಾಪಕರ ಸಹಿ ಇತ್ತು. ಅಂಚಿನ ಸಣ್ಣ ಗೆರೆಗಳ ಮೇಲೆ ಬೆರಳಿಟ್ಟು, "ಇವೇನು?" ಎಂದರು.

"ಗೊತ್ತಿಲ್ಲ ಸಾರ್."

"ಬಾಣದ ಗುರುತು ಕಣ್ರೀ. ಯಾವ ಕಡೆ ಓಡ್ತಿದೆ ಅಂತ ತೋರಿಸೋದಕ್ಕೆ. ತುದಿ ಎಲ್ಲಿ ಹೋಯ್ತು?"

ತುದಿ ನಕಲಿನಿಂದ ನಕಲಿಗೆ ಬರುವಾಗ ಎಲ್ಲೋ ಬಿದ್ದುಹೋಗಿತ್ತು. ಎಲೆಯನ್ನೇ ನೋಡಿ ಬರೆದವನು ಮೊದಲನೆಯವನೊಬ್ಬನೇ; ಅವನ ಬಾಣಗಳನ್ನು ನಾವು ನಂತರದವರು ಬರಿಯ ಗೆರೆಗಳನ್ನಾಗಿ ಮಾಡಿದ್ದೆವು. 'ನೀನು ಇಲ್ಲಿಗೆ ಹೇಗೆ ಬಂದೆ' ಎಂಬ ಪ್ರಶ್ನೆ ಈಗ ಬರುತ್ತದೆಂದು ಕಾದೆ.

ಅವರು ಗಡಿಯಾರ ನೋಡಿದರು. "ಇನ್ನೂ ಇಪ್ಪತ್ತು ನಿಮಿಷ ಇದೆ. ಬೇರೆ ಎಲೆ ತಗೊಳ್ಳಿ. ಈ ಸಲ ದಯವಿಟ್ಟು ಏನೂ ಸರಿ ಮಾಡಬೇಡಿ."

ಬೇರೆ ಎಲೆಯನ್ನು ಕಿತ್ತು ಹೊಸ ಸ್ಲೈಡಿನ ಮೇಲಿಟ್ಟೆ. ಅಟೆಂಡರು ಪಕ್ಕಕ್ಕೆ ಬಂದು ಸದ್ದಿಲ್ಲದೆ ಫಾರ್ಮಲಿನ್ ಬಾಟಲಿಯನ್ನು ಎತ್ತಿಕೊಂಡು ಹೋದರು. ಈ ಬಾರಿ ಕಣಗಳು ಕೆಲಹೊತ್ತು ಅಲುಗಲಿಲ್ಲ. ಇದನ್ನೂ ಕೊಂದೆನೇ ಎಂದು ಬೆಚ್ಚಿದೆ. ಕನ್ನಡಿಯಿಂದ ಬಿಸಿಲು ಬಿದ್ದು ಎಲೆ ಬೆಚ್ಚಗಾದಂತೆ ಒಂದು ಕಣ ಜರುಗಿತು, ಇನ್ನೊಂದು ಅದರ ಹಿಂದೆ ಬಂತು, ನೋಡನೋಡುತ್ತ ಇಡೀ ಸಾಲೇ ಹೊರಟಿತು. ಇನ್ನೊಂದು ಆಘಾತ ಆಗ ಕಾದಿತ್ತು: ಒಂದು ಕೋಶದಲ್ಲಿ ಸಾಲು ಬಲಕ್ಕೆ ಸುತ್ತುತ್ತಿದ್ದರೆ ಪಕ್ಕದ ಕೋಶದಲ್ಲಿ ಎಡಕ್ಕೆ ಸುತ್ತುತ್ತಿತ್ತು. ಚಿತ್ರ ಬರೆದೆ. ಬಾಣಗಳಿಗೆ ತುದಿ ಹಾಕಿದೆ. ಪಕ್ಕದ ಕೋಶದ ಬಾಣಗಳನ್ನು ತಿರುಗಿಸಿ ಹಾಕಿದೆ.

ಪರೀಕ್ಷಕರು ಮತ್ತೆ ಬಂದು ನೋಡಿ, "ಯಾಕೆ ಸುತ್ತುತ್ತೆ?" ಎಂದರು.

ಬಾಯಿಪಾಠದಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಗೊತ್ತಿಲ್ಲ ಸಾರ್" ಎಂದು ಎರಡನೆಯ ಬಾರಿ ಹೇಳಿದೆ.

"ನಮಗೂ ಪೂರ್ತಿ ಗೊತ್ತಿಲ್ಲ" ಎಂದರು. "ಒಂದು ಮೂಲೇಲಿ ತಯಾರಾದ ಆಹಾರ ಇನ್ನೊಂದು ಮೂಲೆಗೆ ಹೋಗಬೇಕಲ್ಲ? ತಾನಾಗಿ ಒಸರಿಕೊಂಡು ಹೋಗಲಿ ಅಂತ ಬಿಟ್ಟರೆ ತಡವಾಗುತ್ತೆ. ಹೊತ್ತುಕೊಂಡು ಹೋಗೋ ವ್ಯವಸ್ಥೆ ಇದು. ಹೊರೋದು ಯಾವ ಶಕ್ತಿ ಅಂತ ಇನ್ನೂ ಹುಡುಕ್ತಾ ಇದಾರೆ." ಸಹಿ ಹಾಕಿ ಮುಂದಿನ ಮೇಜಿಗೆ ಹೋದರು.

ಸಂಜೆ ಗುಬ್ಬಿಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತು ನನ್ನ ಅಂಗೈಯನ್ನೇ ನೋಡುತ್ತಿದ್ದೆ. ನಾನು ಅಲುಗದೆ ಕುಳಿತಿದ್ದೆ. ಒಳಗೆ ಯಾವುದೂ ಕುಳಿತಿಲ್ಲವೆಂಬುದು ಈಗ ತಿಳಿದಿತ್ತು. ಪರೀಕ್ಷೆ ಏನಾಯಿತೆಂಬ ಚಿಂತೆಗಿಂತ ಅದೇ ಹೆಚ್ಚು ಹೆದರಿಸಿತು. ಮನೆ ಸೇರಿದಾಗ ಅವ್ವ ಜಗುಲಿಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ನಾನು ಅದನ್ನೇ ನೋಡುತ್ತ ನಿಂತೆ.

"ಯಾಕ್ಲಾ ಮಗ, ಹಂಗ್ ನೋಡ್ತೀಯಾ? ಪರೀಕ್ಸೆ ಏನಾಯ್ತು?"

"ಗೊತ್ತಿಲ್ಲ ಕಣವ್ವ. ಈ ಎಲೆಯೊಳಗೆ ಓಡಾಡ್ತಾ ಇರ್ತವೆ, ಗೊತ್ತಾ?"

ಅವ್ವ ಸೊಪ್ಪನ್ನು ಥಟ್ಟನೆ ಮೊರಕ್ಕೆ ಹಾಕಿದಳು. "ಹುಳಾನಾ?"

"ಹುಳ ಅಲ್ಲ. ಎಲೆಯದೇ ಸಾಮಾನು. ಆ ಕಡೆಯಿಂದ ಈ ಕಡೆಗೆ ಹೊತ್ಕೊಂಡು ಹೋಗೋದು."

"ಯಾರು ಹೊರೋದು?"

"ಅದೇ ಗೊತ್ತಿಲ್ವಂತೆ."

ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಸೊಪ್ಪನ್ನು ಎಂದಿಗಿಂತ ಎರಡು ಸಲ ಹೆಚ್ಚಾಗಿ ತೊಳೆದಳು.

ಫಲಿತಾಂಶ ಬಂದಾಗ ನಾನು ಪಾಸಾಗಿದ್ದೆ. ದರ್ಜೆಯ ಮಾತು ಬೇಡ. ಅಪ್ಪ ಸಂತೆಯಲ್ಲಿ ಹೇಳುತ್ತಿದ್ದ ಮಾತು ಕೊನೆಗೂ ಸರಿಯಾಯಿತು. ಜೂನ್ ತಿಂಗಳಲ್ಲಿ ಕುಣಿಗಲ್ಲಿಗೆ ಮೇಷ್ಟರಾಗಿ ಹೋದೆ. ಅರವತ್ತರ ದಶಕದಲ್ಲಿ ವಿಜ್ಞಾನದ ಪತ್ರಿಕೆಯೊಂದನ್ನು ಓದುತ್ತ ಮತ್ತೊಮ್ಮೆ ದಂಗಾದೆ. ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಹಾಯಿಸಿ ನೋಡುವ ಹೊಸ ಬಗೆಯ ಸೂಕ್ಷ್ಮದರ್ಶಕದಲ್ಲಿ ಕೋಶದೊಳಗೆ ಕೋಣೆಗಳೇ ಕಂಡಿದ್ದವಂತೆ. ಒಂದು ಕೋಣೆಯಲ್ಲಿ ತಯಾರಾದ ಪದಾರ್ಥ ಅತಿ ಸಣ್ಣ ಚೀಲಗಳಲ್ಲಿ ತುಂಬಿಕೊಂಡು ಇನ್ನೊಂದು ಕೋಣೆಗೆ ಹೋಗುತ್ತದೆ; ಅಲ್ಲಿ ಚೀಲದ ಪೊರೆ ಕೋಣೆಯ ಪೊರೆಯೊಡನೆ ಒಂದಾಗಿ, ಒಳಗಿನದನ್ನು ಬಿಟ್ಟುಕೊಡುತ್ತದೆ. ಆದರೆ ಆ ಚಿತ್ರಗಳನ್ನು ತೆಗೆಯಲು ಕೋಶವನ್ನು ಕೊಂದೇ ನೋಡಬೇಕು ಎಂದೂ ಬರೆದಿತ್ತು. ಆ ಸಾಲನ್ನು ಎರಡು ಬಾರಿ ಓದಿದೆ. ನಾನು ಹೆದರಿ ಮಾಡಿದ ಕೆಲಸವನ್ನು ಅವರು ತಿಳಿದೇ ಮಾಡುತ್ತಿದ್ದರು. ನಿಂತ ಚಿತ್ರಗಳನ್ನು ಜೋಡಿಸಿ ಓಟವನ್ನು ಊಹಿಸುತ್ತಿದ್ದರು.

ನಮ್ಮ ಶಾಲೆಯಲ್ಲಿದ್ದುದು ಒಂದೇ ಮೈಕ್ರೋಸ್ಕೋಪು. ಕಾಣಿಸದಿದ್ದರೆ ಪುಟವನ್ನು ಖಾಲಿ ಬಿಡಿ ಎಂದು ನಾನು ಪ್ರತಿ ವರ್ಷವೂ ಹೇಳುತ್ತಿದ್ದೆ. ಪ್ರತಿ ವರ್ಷವೂ ಎಲ್ಲರೂ ಪುಟ ತುಂಬಿಸಿಯೇ ಕೊಡುತ್ತಿದ್ದರು. ಒಂದು ವರ್ಷ ಮಾತ್ರ ಕೆರೆಯಂಚಿನ ಮನೆಯ ಹುಡುಗಿಯೊಬ್ಬಳು, 'ನನಗೆ ಕಾಣಿಸಲಿಲ್ಲ' ಎಂದು ಪುಟದ ನಡುವೆ ಬರೆದು ತಂದು, ಪೆಟ್ಟು ತಿನ್ನಲು ಸಿದ್ಧಳಾದವಳಂತೆ ಕಣ್ಣು ಮುಚ್ಚಿ ನಿಂತಳು. ಅದರ ಕೆಳಗೆ ಸಹಿ ಹಾಕಿದೆ. ಮರುದಿನ ಕಿಟಕಿಗೆ ಬಿಸಿಲು ಬರುವ ಹೊತ್ತಿಗೆ ಹೈಡ್ರಿಲ್ಲಾ ಎಲೆಯಿಟ್ಟು ಅವಳನ್ನೇ ಮೊದಲು ಕೂರಿಸಿದೆ.

ಕಣ್ಣಿಟ್ಟವಳು ಹಾವು ಕಂಡಂತೆ ಹಿಂದಕ್ಕೆ ಹಾರಿದಳು. "ಅಯ್ಯಯ್ಯಪ್ಪ! ಸಾರ್, ನಾನೇನೂ ಮುಟ್ಟಿಲ್ಲ ಸಾರ್! ಅದೇ ಓಡ್ತಾ ಐತೆ!"

"ಗೊತ್ತು" ಎಂದೆ. "ಕೂತ್ಕೊ. ಇನ್ನೊಂದು ಸಲ ನೋಡು."