ಗುರುತಿಲ್ಲದ ಗೇಟು

ನಮ್ಮ ಮನೆಯ ಗೇಟು ಹಗಲು ಹೊತ್ತಿನಲ್ಲಿ ಮುಚ್ಚಿದ್ದನ್ನು ಕುಂಬಾರಕೊಪ್ಪಲಿನ ನಮ್ಮ ಬೀದಿಯವರು ನೋಡಿದ್ದೇ ಕಡಿಮೆ. ನಾನು ಇಡ್ಲಿ ದೋಸೆ ಹಿಟ್ಟು ಮಾರುವವಳು. ಬೆಳಕು ಹರಿಯುವ ಮೊದಲೇ ನಮ್ಮವರು ಎದ್ದು ಗೇಟು ತೆಗೆದರೆ ಮತ್ತೆ ಅದನ್ನು ಎಳೆದು ಹಾಕುವುದು ಕತ್ತಲಾದ ಮೇಲೆಯೇ. ಅಂಗಳ ಎಂದರೆ ನಾಲ್ಕು ಜನ ನಿಂತರೆ ಐದನೆಯವರು ಬೀದಿಗೆ ಬೀಳುವಷ್ಟು. ಅದಕ್ಕೇ ವೆಲ್ಡಿಂಗ್ ಕೆಲಸದ ನಮ್ಮವರು ಗೇಟು ಹೊರಕ್ಕೆ ತೆರೆದು ಕಾಂಪೌಂಡ್ ಗೋಡೆಗೆ ಅಂಟಿಕೊಂಡು ನಿಲ್ಲುವ ಹಾಗೆ ಕೂರಿಸಿದ್ದರು. ಬೋಗಾದಿಯ ಹೊಸ ಬಡಾವಣೆಗಳಲ್ಲಿ ಯಾರ್ಯಾರದೋ ಮನೆಗೆ ನವಿಲು, ಬಳ್ಳಿ, ಸೂರ್ಯ ಎಲ್ಲ ಇಟ್ಟು ಗೇಟು ಮಾಡಿಕೊಟ್ಟ ಮನುಷ್ಯ ಸ್ವಂತ ಮನೆಗೆ ಒಂದು ತಗಡು ಬಡಿದು, ಕೆಂಪಗೆ ರೆಡ್ ಆಕ್ಸೈಡ್ ಬಳಿದು, "ಆಮೇಲೆ ಪೇಂಟ್ ಹೊಡುದ್ರಾಯ್ತು ಬುಡು" ಅಂದಿದ್ದರು. ಆ ಆಮೇಲೆ ಇನ್ನೂ ಬಂದಿರಲಿಲ್ಲ.

ಈಚೆಗೆ ಅವರ ಕಣ್ಣು ಮಂಜಾಗಿ ಕೆಲಸ ಕಡಿಮೆಯಾಗಿತ್ತು. ಮನೆ ನಡೆಯುತ್ತಿದ್ದದ್ದು ಹಿಟ್ಟಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನೆಲ್ಲ ಓದಿ "ಒಂದು ಗೇಟಿಗೆ ಇಷ್ಟೆಲ್ಲ ರಂಪವೇ" ಎಂದು ನೀವೂ ಕೇಳುತ್ತೀರಿ. ಹಿಟ್ಟು ನಿಂತರೆ ಒಲೆ ನಿಲ್ಲುತ್ತಿತ್ತು, ಅಷ್ಟೇ.

ನನ್ನ ಮೊದಲ ಗಿರಾಕಿ ಎದುರು ಮನೆಯಾಕೆ. ನಾವಿಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು, ಒಂದೇ ನಲ್ಲಿಯಲ್ಲಿ ಜಗಳವಾಡಿ ನೀರು ಹಿಡಿದವರು. ನಾನು ಹಿಟ್ಟನ್ನು ಪಾವಿನಲ್ಲಿ ಅಳೆದು ಮೇಲೊಂದು ಸೌಟು ಕೊಸರು ಹಾಕುತ್ತೇನೆ. ಅಳತೆಗೆ ಮೇಲೆ ಒಂದಿಷ್ಟು ಬೀಳದಿದ್ದರೆ ನಮ್ಮ ಕಡೆ ಅದು ವ್ಯಾಪಾರವೇ ಅಲ್ಲ. ಎಲ್ಲರಿಗೂ ಹಾಕುತ್ತಿದ್ದೆ, ಅವಳಿಗೆ ಮಾತ್ರ ಸೌಟು ತುಳುಕುವಷ್ಟು. ಅವಳೂ ಪಾತ್ರೆ ಹಿಡಿದು ಕೊಸರು ಬೀಳುವವರೆಗೂ ಅಲ್ಲಾಡುತ್ತಿರಲಿಲ್ಲ, ಮಹಾರಾಣಿ!

ಆ ವರ್ಷ ಮನೆ ಕಂದಾಯ ಏರಿತು. ಕಸದ ಸೆಸ್ಸು ಅಂತೆ, ಇನ್ನೊಂದಂತೆ, ಮತ್ತೊಂದಂತೆ. ಅದೇ ಹೊತ್ತಿಗೆ ನಮ್ಮ ಬಡಾವಣೆಯ ಸರ್ಕಲ್ಲಿನಲ್ಲಿ ಒಂದು ಕಾರಂಜಿ ಎದ್ದಿತು. ಕುಂಬಾರರ ಊರಲ್ಲವೇ, ಅದಕ್ಕೆ ಸಿಮೆಂಟಿನ ಹೆಂಗಸೊಬ್ಬಳ ಸೊಂಟದ ಮಡಕೆಯಿಂದ ನೀರು ಸುರಿಯುವ ಹಾಗೆ. ಉದ್ಘಾಟನೆಯ ದಿನ ಸುರಿಯಿತು. ಆಮೇಲೆ ಒಡೆದರು, ಕಟ್ಟಿದರು, ಬಣ್ಣದ ಲೈಟು ಹಾಕಿದರು, ಮತ್ತೆ ಅಗೆದರು. ನೀರು ಮಾತ್ರ ಬರಲಿಲ್ಲ. ಅವಳ ಕಾಲಡಿಯ ಲೈಟು ಮಧ್ಯಾಹ್ನವೂ ಉರಿಯುತ್ತಿತ್ತು, ನಮ್ಮ ಬೀದಿಯ ಕಂಬದ ದೀಪ ಕೆಟ್ಟು ಯಾವ ಕಾಲವಾಗಿತ್ತೋ. ಹೊಟ್ಟೆ ಉರಿಯುವುದಿಲ್ಲವೇ?

ಬೀದಿ ಕೊನೆಯ ಮೂರಂತಸ್ತಿನ ಮನೆಯಲ್ಲಿ ಒಬ್ಬ ರಿಟೈರ್ಡ್ ಅಧಿಕಾರಿ ಇದ್ದರು. ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ನಮ್ಮ ಕಡೆ ತಿರುಗಿಯೂ ನೋಡದಿದ್ದ ಮನುಷ್ಯ ಒಂದು ಭಾನುವಾರ ಬೀದಿಯವರನ್ನೆಲ್ಲ ಕಾರು ನಿಲ್ಲಿಸುವ ಜಾಗಕ್ಕೆ ಕರೆದು, ಕಾಫಿ ಕೊಟ್ಟು, "ನಮ್ಮ ದುಡ್ಡು ಕಣ್ರೀ ಅದು, ಕೇಳೋ ಹಕ್ಕು ನಮಗಿದೆ" ಎಂದು ಭಾಷಣ ಮಾಡಿದರು. ಮಾತು ಸರಿಯಾಗಿಯೇ ಇತ್ತು. ಆದರೆ ಅವರ ಮನೆಯ ಕಾಫಿಗೆ ಸಕ್ಕರೆ ಇಷ್ಟೊಂದು ಯಾಕೆ ಬಿದ್ದಿದೆ ಎಂದು ನನ್ನ ತಲೆಯಲ್ಲಿ ಓಡುತ್ತಿತ್ತು. ಮನೆಗೆ ಬಂದು ನಮ್ಮವರಿಗೆ ಹೇಳಿದೆ, ಈತ ಎಲೆಕ್ಷನ್ನಿಗೆ ನಿಲ್ಲುತ್ತಾನೆ ನೋಡುತ್ತಿರಿ ಎಂದು.

"ನಿಂಗೆ ಎಲ್ಲಾರ್ ಮ್ಯಾಲೂ ಅನುಮಾನ ಕಣೇ. ನಿನ್ ನೆಳ್ಳಾದ್ರೂ ನಂಬ್ತೀಯೋ ಇಲ್ವೋ?"

"ನಂಬಂಗಿದ್ರೆ ನಂಬ್ತೀನಿ" ಅಂದೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮನೆಯ ಅಳತೆಯನ್ನು ನಮ್ಮಲ್ಲಿ ನಾವೇ ಬರೆದುಕೊಟ್ಟು ಅದರ ಪ್ರಕಾರ ಕಂದಾಯ ಕಟ್ಟುವುದು. ನಾವೇ ಬರೆಯುವುದಾದ ಮೇಲೆ ಯಾರು ತಾನೆ ಪೂರ್ತಿ ಬರೆಯುತ್ತಾರೆ? ಎದುರು ಮನೆಯಾಕೆ ಮಹಡಿ ಮೇಲೆ ರೂಮು ಕಟ್ಟಿ ಕಾಲೇಜು ಹುಡುಗಿಯರಿಗೆ ಬಾಡಿಗೆ ಕೊಟ್ಟಿದ್ದಳು, ಕಾಗದದಲ್ಲಿ ಅಲ್ಲಿ ಬರೀ ಆಕಾಶ. ಸಾಹೇಬರ ಮೂರಂತಸ್ತು ಕಾಗದದಲ್ಲಿ ಎಷ್ಟು ಅಂತಸ್ತೋ ದೇವರಿಗೇ ಗೊತ್ತು. ಗ್ರೈಂಡರ್ ಕೂತಿದ್ದ ನನ್ನ ಮುಂದಿನ ಕೋಣೆ ವಾಸದ ಕೋಣೆ. ಗ್ರೈಂಡರ್ ಅಲ್ಲೇ ವಾಸ ಮಾಡುತ್ತಿತ್ತಲ್ಲ! ಅದನ್ನು ಅಂಗಡಿ ಎಂದು ಬರೆದರೆ ಕಂದಾಯ ಎಲ್ಲಿಗೋ ಹಾರುತ್ತಿತ್ತು. ಯಾರ ಮನೆಯಲ್ಲಿ ಏನಿದೆ ಎಂದು ಇಡೀ ಬೀದಿಗೆ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಬೀದಿ ಒಗ್ಗಟ್ಟಾಗಿದ್ದದ್ದೇ ಹಾಗೆ.

ಕಾರಂಜಿಯ ಮುಂದೆ ಪ್ರತಿಭಟನೆ ಎಂದು ತೀರ್ಮಾನವಾಯಿತು. ಆ ದಿನ ಹೆಂಗಸರೆಲ್ಲ ಖಾಲಿ ಕೊಡ ತರಬೇಕೆಂದು ಸಾಹೇಬರ ಅಪ್ಪಣೆಯಾಯಿತು. "ಕೊಡ ಇದ್ರೆ ಫೋಟೋ ಚೆನ್ನಾಗಿ ಬರುತ್ತಮ್ಮ." ನಾನು ಹಿಟ್ಟಿನ ಡ್ರಮ್ಮು ತೊಳೆದುಕೊಂಡು ಹೋದೆ. ಹೊರಡುವಾಗ ನಡುಹಗಲಿನಲ್ಲಿ ಗೇಟು ಎಳೆದು ಚಿಲಕ ಹಾಕಿದೆ. ನಮ್ಮವರು ಬೋಗಾದಿಯಲ್ಲಿ ಯಾವುದೋ ಸಣ್ಣ ಕೆಲಸಕ್ಕೆ ಹೋಗಿದ್ದರು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ.

ಸರ್ಕಲ್ಲಿನಲ್ಲಿ ಬಿಸಿಲು ಮಂಡೆ ಸುಡುತ್ತಿತ್ತು. "ಬೇಡ ಬೇಡ ಕಾರಂಜಿ, ಬೀದಿಗೆ ದೀಪ ಹಚ್ರೀ!" ಎಂದು ಕೂಗಿದೆವು. ಮೊದಮೊದಲು ನಾಚಿಕೆ, ಆಮೇಲೆ ಗಂಟಲು ತಾನಾಗಿ ಬಿಚ್ಚಿಕೊಂಡಿತು. ಎದುರು ಮನೆಯಾಕೆ ಸಿಮೆಂಟಿನ ಹೆಂಗಸಿನ ಪಕ್ಕದಲ್ಲೇ ಸೊಂಟಕ್ಕೆ ಕೊಡ ಇಟ್ಟು ನಿಂತು, "ನೋಡೇ, ಇವ್ಳಿಗಿಂತ ನಾನೇ ಎಷ್ಟೋ ವಾಸಿ ಅಲ್ವಾ? ನಂಗೆ ಯಾವೋನೂ ಲೈಟ್ ಹಾಕ್ಲಿಲ್ಲ" ಅಂದಳು. ನಕ್ಕು ನಕ್ಕು ನನ್ನ ಡ್ರಮ್ಮು ಉರುಳಿಹೋಯಿತು. ನಿಜ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಕಂದಾಯದ ಆಫೀಸಿನವರು ಮಾತ್ರ ಮನವಿ ತೆಗೆದುಕೊಳ್ಳಲು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಯಾರೋ ಪ್ಯೂನು ಬಂದು ಕಾಗದ ಇಸಿದುಕೊಂಡು ಹೋದ.

ಬೀದಿಗೆ ತಿರುಗುವಾಗ ಮುಂದಿದ್ದವರು ಗಕ್ಕನೆ ನಿಂತರು. ಗೇಟು ಗೇಟಿಗೂ ಕೆಂಪು ಪೇಂಟಿನಲ್ಲಿ ಒಂದು ಸುತ್ತು, ಅದರೊಳಗೊಂದು ನಂಬರು. ಎದುರು ಮನೆಯಾಕೆಯ ಬಿಳಿ ಗೇಟಿನ ಮೇಲೆ ಇಷ್ಟು ದಪ್ಪಕ್ಕೆ. ಸಾಹೇಬರ ಸ್ಟೀಲ್ ಗೇಟಿನ ಮೇಲೂ ಇತ್ತು. ನಮ್ಮವರು ಅಷ್ಟರಲ್ಲಿ ಊಟಕ್ಕೆ ಬಂದು ಗೇಟು ತೆಗೆದು, ಎಂದಿನ ಹಾಗೆ ಗೋಡೆಗೆ ಒರಗಿಸಿ, ಮೆಟ್ಟಿಲ ಮೇಲೆ ಕೂತಿದ್ದರು. ನಮ್ಮ ಗೋಡೆಯ ಮೇಲೆ, ಕಂಬದ ಮೇಲೆ, ಬಾಗಿಲ ಮೇಲೆ, ಎಲ್ಲೂ ಏನೂ ಇಲ್ಲ.

ಸದ್ಯ, ನಮ್ಮದು ಉಳಿಯಿತಲ್ಲ ಎಂದು ನನ್ನ ಮನಸ್ಸು ಹಗುರವಾಯಿತು. ಅದರ ಹಿಂದೆಯೇ ಅನುಮಾನ ಬಂತು. ನಮ್ಮದೊಂದು ಯಾಕೆ ಬಿಟ್ಟರು?

ಇನ್ನೊಂದು ಎಡವಟ್ಟು ಅದೇ ಸಂಜೆ ಆಯಿತು. ಕೊರಳಿಗೆ ಕಂದಾಯದ ಆಫೀಸಿನ ಗುರುತಿನ ಚೀಟಿಯ ಪಟ್ಟಿ ನೇತುಹಾಕಿಕೊಂಡ ಒಬ್ಬಾತ, ಕೈಯಲ್ಲಿ ಪೇಂಟ್ ಡಬ್ಬಿ, ಪಕ್ಕದ ಬೀದಿ ಮುಗಿಸಿ ಬರುತ್ತಿದ್ದವನು ನಮ್ಮ ಗೇಟಿನ ಹತ್ತಿರ ನಿಂತು ನೀರು ಕೇಳಿದ. ಬಾಯಾರಿದವರಿಗೆ ಇಲ್ಲ ಅನ್ನುವುದು ಹೇಗೆ? ಮಜ್ಜಿಗೆ ಕೊಟ್ಟೆ. ಗುರುತು ಯಾಕೆ ಎಂದು ಕೇಳಿದ್ದಕ್ಕೆ, "ಎಲ್ಲಾ ಮನೆ ವಾಪಸ್ ಅಳೀತೀವಿ ಕಣಮ್ಮ, ಸುಳ್ಳ್ ಬರ್ಕೊಟ್ಟಿರೋರೇ ಜಾಸ್ತಿ" ಅಂದ. ನಮ್ಮದು ಬಿಟ್ಟುಹೋಗಿದೆ ಎಂದು ನೆನಪಿಸುವ ಉಸಾಬರಿಗೆ ನಾನು ಹೋಗಲಿಲ್ಲ. ಅವನು ಲೋಟ ಕೊಟ್ಟು ಹೋದ ಮೇಲೆ ತಲೆ ಎತ್ತಿದರೆ ಎದುರು ಮನೆಯಾಕೆ ಕಿಟಕಿಯಲ್ಲಿ ನಿಂತಿದ್ದಳು. ನಾನು ಕೈ ಆಡಿಸಿದೆ. ಅವಳು ಪರದೆ ಎಳೆದಳು.

ಮಾರನೆಯ ಬೆಳಿಗ್ಗೆ ಹಿಟ್ಟಿಗೆ ಅರ್ಧ ಜನವೂ ಬರಲಿಲ್ಲ. ಅದರ ಮಾರನೆಯ ದಿನ ಇನ್ನೂ ಕಡಿಮೆ. ಪ್ರತಿಭಟನೆಗೆಂದು ಮಾಡಿದ್ದ ವಾಟ್ಸಾಪ್ ಗುಂಪಿನಲ್ಲಿ ಒಂದು ಗುಡ್ ಮಾರ್ನಿಂಗ್ ಕೂಡ ಇಲ್ಲ. ನನ್ನನ್ನು ಬಿಟ್ಟು ಬೇರೆ ಗುಂಪು ಮಾಡಿಕೊಂಡಿದ್ದಾರೆ ಎಂದು ನಮ್ಮವರು ಟೀ ಅಂಗಡಿಯಲ್ಲಿ ಕೇಳಿಕೊಂಡು ಬಂದರು. ನಾನು ಹೋದರೆ ಮಾತು ನಿಲ್ಲುತ್ತಿತ್ತು. ಮಾರದ ಹಿಟ್ಟು ಉಕ್ಕಿ ಡ್ರಮ್ಮಿನ ಮುಚ್ಚಳ ಎತ್ತಿತು. ಬೆಳಿಗ್ಗೆ ಹುಳಿ ದೋಸೆ, ಮಧ್ಯಾಹ್ನ ಹುಳಿ ದೋಸೆ, ರಾತ್ರಿ ಅದಕ್ಕೇ ಈರುಳ್ಳಿ ಹಾಕಿದರೆ ಊತಪ್ಪ. ನಮ್ಮವರು ಮೂರು ಹೊತ್ತೂ ತಟ್ಟೆ ಖಾಲಿ ಮಾಡಿದರು. ಅದನ್ನು ನೋಡಿ ನನಗೆ ಅಳು ಬಂತು.

ನನಗೂ ಅನುಮಾನಕ್ಕೇನು ಬರವೇ? ಹಗಲೆಲ್ಲ ಗ್ರೈಂಡರ್ ಪಕ್ಕ ಕೂತು ಅದೇ ಕೆಲಸ. ಬೀದಿ ಖಾಲಿಯಾಗುವ ಹೊತ್ತು ಆಫೀಸಿನವರಿಗೆ ಹೇಗೆ ಗೊತ್ತಾಯಿತು? ಹೊತ್ತು ಗೊತ್ತುಮಾಡಿದ್ದು ಸಾಹೇಬರು. ಸಾಹೇಬರ ಬಾಯಿಂದ ಈಗ "ಹೋರಾಟ ಸ್ವಲ್ಪ ದಿನ ನಿಲ್ಲಿಸೋಣ" ಎಂದು ಬರುತ್ತಿದೆಯಂತೆ, ಯಾಕೆ? ನನ್ನ ಗೇಟು ಬಿಟ್ಟಿದ್ದು ಬೇಕೆಂದೇ ಇರಬೇಕು, ತಪ್ಪನ್ನು ನನ್ನ ತಲೆಗೆ ಕಟ್ಟಲು. ಒಂದು ದಿನವಂತೂ ಎದುರು ಮನೆಯಾಕೆಯ ಮೇಲೆಯೇ ಹೋಯಿತು ಮನಸ್ಸು. ಪರದೆ ಎಳೆದವಳು ಅವಳು, ಏನು ಮುಚ್ಚಿಟ್ಟುಕೊಳ್ಳಲು ಎಳೆದಳು?

ತರಕಾರಿ ಗಾಡಿಯ ಹತ್ತಿರ ಅವಳು ಸಿಕ್ಕಳು. ಬ್ಯಾಗಿನಲ್ಲಿ ಅಂಗಡಿಯ ಹಿಟ್ಟಿನ ಪ್ಯಾಕೆಟ್ಟು ಇತ್ತು. ಮುಚ್ಚಿಟ್ಟುಕೊಳ್ಳುವ ಮರ್ಯಾದೆಯನ್ನೂ ತೋರಿಸಲಿಲ್ಲ.

"ಏನೇ, ನಮ್ಮನೆ ಹಿಟ್ಟು ರುಚಿ ಕೆಡ್ತಾ?" ಎಂದೆ.

"ನಿಮಗೇನ್ರೀ, ಮಜ್ಜಿಗೆ ಕುಡ್ಸೋರ್ಗೆ ಯಾರ್ ಭಯ" ಅಂದಳು. ಒಂದು ದಿನವೂ ನನ್ನನ್ನು ಬಹುವಚನದಲ್ಲಿ ಕರೆದವಳಲ್ಲ. "ನಮ್ಮನೆ ಮೇಲ್ಗಡೆ ರೂಮ್ ವಿಷ್ಯ ಅವ್ರಿಗೆ ಕನಸ್ ಬಿದ್ದಿತ್ತಾ? ಎಲ್ಲಾರ್ ಗೇಟ್ಗೂ ಬರ್ದ್ಬುಟ್ಟು ನಿಮ್ದೊಂದ್ ಬುಟ್ರಲ್ಲ, ನಿಮ್ದೇನ್ ಅರಮನೆನಾ?"

"ಲೇ, ನಾನ್ ಯಾಕೇ ಹೇಳ್ಲಿ? ನಿನ್ ರೂಮಿಂದ ನನ್ಗೇನಾಗ್ಬೇಕು?"

"ಅದ್ನೇ ನಾವೂ ಕೇಳ್ತಿರೋದು" ಎಂದು ಟೊಮ್ಯಾಟೊ ಆರಿಸತೊಡಗಿದಳು.

ಮೈಯೆಲ್ಲ ಉರಿದುಹೋಯಿತು. ಮನೆಗೂ ಹೋಗದೆ ಅಲ್ಲಿಂದಲೇ ಆಟೋ ಹಿಡಿದು ಕಂದಾಯದ ಆಫೀಸಿಗೆ ಹೋದೆ. ಆ ಪಟ್ಟಿಯವನು ಅಲ್ಲೇ ಮೇಜಿನ ಮುಂದೆ ಕೂತಿದ್ದ.

"ನಮ್ಮನೇನೂ ಅಳೀರಿ! ನಮ್ ಗೇಟ್ಗೂ ಬರೀರಿ! ಮುಂದ್ಗಡೆ ರೂಮು ಅಂಗಡಿ, ನಾನೇ ಹೇಳ್ತಾ ಇದೀನಿ, ಅಂಗಡಿ ಅಂತ ಬರ್ಕೊಳಿ!" ಎಂದು ಕೂಗಿದೆ. ಕ್ಯೂನಲ್ಲಿ ನಿಂತವರೆಲ್ಲ ತಿರುಗಿದರು. ಕಂದಾಯ ಕಮ್ಮಿ ಮಾಡಿ ಎಂದು ಅಳುವವರನ್ನೇ ದಿನವೂ ನೋಡಿದವರು ಅವರು.

ಆತ ನನ್ನ ಮುಖ ಗುರುತು ಹಿಡಿದು, "ಕೂತ್ಕೊಳಮ್ಮ" ಎಂದ. "ಮಜ್ಜಿಗೆ ಕೊಟ್ಟೋರಲ್ವಾ? ನಿಮ್ ಬೀದೀಲಿ ಒಂದ್ ಮನೇನೂ ಬುಟ್ಟಿಲ್ಲ. ನಿಮ್ ಗೇಟ್ಗೆ ನಾನೇ ಬರ್ದಿದ್ದು, ರೆಡ್ ಆಕ್ಸೈಡ್ ಗೇಟು. ಚಿಲ್ಕ ಹಾಕಿತ್ತು, ಒಳ್ಗೆ ಯಾರೂ ಇರ್ಲಿಲ್ಲ."

"ಯಾರ್ ಹೇಳಿದ್ರು ನಿಮ್ಗೆ, ನಮ್ ಮನೆಗಳ ವಿಷ್ಯ?"

"ಯಾರ್ ಹೇಳ್ಬೇಕಮ್ಮ? ಬೀದೀಲಿ ನಿಂತ್ಕಂಡು ತಲೆ ಎತ್ತಿದ್ರೆ ಕಾಣಲ್ವಾ ಮಹಡಿ?"

ಅವನ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಅದೇ ದಿನ, ಅದೇ ಹೊತ್ತಿಗೇ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ ಆತ ಪೆನ್ನಿನ ಮುಚ್ಚಳ ತೆಗೆದು ಮುಂದಿನವರನ್ನು ಕರೆದ.

ಬೀದಿಗೆ ಬಂದಾಗ ಸುಡುಬಿಸಿಲು. ಗೋಡೆಗೆ ಒರಗಿದ್ದ ಗೇಟನ್ನು ಎರಡೂ ಕೈಯಿಂದ ಎಳೆದು ಹಾಕಿ, ಬೀದಿಯಲ್ಲಿ ನಿಂತು ನೋಡಿದೆ. ಇತ್ತು. ಸುತ್ತು, ಒಳಗೆ ನಂಬರು. ಕೆಂಪಿನ ಮೇಲೆ ಕೆಂಪು. ಹಗಲೆಲ್ಲ ಗೋಡೆಗೆ ಮುಖ ಮಾಡಿಕೊಂಡು, ರಾತ್ರಿ ದೀಪವಿಲ್ಲದ ಬೀದಿಗೆ ಮುಖ ಮಾಡಿಕೊಂಡು ಇಷ್ಟು ದಿನವೂ ಅಲ್ಲೇ ಇತ್ತು.

"ರೀ! ಅವತ್ತು ಗೇಟ್ ತೆಗ್ದಾಗ ಇದು ಕಾಣ್ಲಿಲ್ವಾ ನಿಮ್ಗೆ?"

ನಮ್ಮವರು ಹತ್ತಿರ ಬಂದು, ಮೂಗು ತಾಗುವಷ್ಟು ಬಗ್ಗಿದರು. "ನಂಗೆ ಗೇಟೇ ಸರ್ಯಾಗ್ ಕಾಣಲ್ಲ. ಅದ್ರ್ ಮೇಲಿರೋದ್ ಎಲ್ಲಿಂದ ಕಾಣ್ತದೆ?" ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಂದಾಯದ ಗುರುತು ನೋಡಿ ಕುಣಿದಾಡಿದ ಹೆಂಗಸು ಇಡೀ ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು. "ಬನ್ರೀ, ಬನ್ನಿ, ಎಲ್ಲಾರೂ ಬಂದು ನೋಡಿ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಬಂದರು. ಸಾಹೇಬರು ಕನ್ನಡಕ ಏರಿಸಿ ನೋಡಿ, "ನಾವೇನಮ್ಮ, ಯಾವತ್ತೂ ನಿಮ್ಮ ಮೇಲೆ ಅನುಮಾನ ಪಟ್ಟೋರಲ್ಲ" ಅಂದರು. ಹಿಂದಿದ್ದವರೂ ಹೂಂ ಹೂಂ ಅಂದರು. ಹಾಗಾದರೆ ನನ್ನ ಡ್ರಮ್ಮಿನಲ್ಲಿ ಹುಳಿ ಬಂದದ್ದು ಯಾರಿಂದ? ಕೇಳಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಪಾತ್ರೆ ಹಿಡಿದು ಬಂದರು. ಎಲ್ಲರಿಗೂ ಅಳೆದು ಹಾಕಿದೆ, ಮೇಲೊಂದು ಸೌಟೂ ಹಾಕಿದೆ. ವ್ಯಾಪಾರ ಉಳಿಯಿತಲ್ಲ, ಅಷ್ಟು ಸಾಕು ಎಂದುಕೊಂಡೆ. ಅಳತೆಯವರು ಬರುತ್ತಾರೆ, ಅಂಗಡಿ ಎಂದು ಬರೆಯುತ್ತಾರೆ. ಬರೆಯಲಿ. ಕಾರಂಜಿಯ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಈ ಬೀದಿಯವರು ಇನ್ನು ಒಟ್ಟಿಗೆ ಕೂಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು.

ಎಲ್ಲರೂ ಹೋದ ಮೇಲೆ, ಹೊತ್ತು ಮುಳುಗುವ ಮೊದಲು, ಎದುರು ಮನೆಯಾಕೆ ಪಾತ್ರೆ ತಂದಳು. ಅವಳು ಏನಾದರೂ ಒಂದು ಮಾತು ಅನ್ನಲಿ, ಬೈಯಲಿ, ಸಾಕು, ಎಲ್ಲ ಮರೆತುಬಿಡುತ್ತೇನೆ ಎಂದುಕೊಂಡೆ. ಅವಳು ನೇರ ಗೇಟಿನ ಹತ್ತಿರ ಹೋದಳು. ಅದನ್ನು ನಾನು ಬೇಕೆಂದೇ ಮುಕ್ಕಾಲು ಮುಚ್ಚಿ ಬಿಟ್ಟಿದ್ದೆ. ಬಗ್ಗಿ ನಂಬರನ್ನು ನೋಡಿದಳು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಆ ಕೆಂಪು ಸುತ್ತನ್ನು ಒಂದೆರಡು ಸಲ ಕೆರೆದಳು. ಉಗುರನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಪೇಂಟು ಹಸಿಯಾಗಿದೆಯೋ ಎಂದು. ಇವತ್ತು ನಾನೇ ಬಳಿದುಕೊಂಡಿದ್ದೇನೋ ಎಂದು.

"ಒಣಗೈತೆ" ಎಂದು ತನಗೆ ತಾನೇ ಹೇಳಿಕೊಂಡು, ಒಳಗೆ ಬಂದು ಪಾತ್ರೆ ಚಾಚಿದಳು. "ಎರಡ್ ಪಾವು ಹಾಕೇ."

ಎರಡು ಪಾವು ಅಳೆದು ಹಾಕಿದೆ. ಅವಳು ಪಾತ್ರೆ ಹಿಡಿದುಕೊಂಡು ಎಂದಿನ ಹಾಗೆ ನಿಂತೇ ಇದ್ದಳು. ನಾನು ಸೌಟನ್ನು ಪಕ್ಕಕ್ಕಿಟ್ಟು ಡ್ರಮ್ಮಿನ ಮುಚ್ಚಳ ಹಾಕಿದೆ.