ಕಂಪ್ಲಿಯಲ್ಲಿ ವೋಲ್ಟೇಜ್ ಇಳಿದಾಗ

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಸುಟ್ಟ ರಾಳದ ವಾಸನೆ. ಹೊಸಪೇಟೆಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯವನ ಅಂಗಿಗೆ ಸದಾ ಅಂಟಿಕೊಂಡಿರುತ್ತಿದ್ದ ವಾಸನೆ...

ಅವನು ರೇಡಿಯೋ ರಿಪೇರಿ ಮಾಡುತ್ತಿದ್ದ. ಹಂಪಿಗೆ ಬಂದ ಪ್ರವಾಸಿಯೊಬ್ಬ ಬಿಟ್ಟುಹೋದ ಕ್ಯಾಸೆಟ್ಟಿನಲ್ಲಿ ನಾವಿಬ್ಬರೂ ಮೊದಲ ಸಲ ಪಂಕ್ ಸಂಗೀತ ಕೇಳಿದೆವು. ಗಿಟಾರ್ ಇಲ್ಲ, ಬರೀ ಸಿಂಥಸೈಜರ್, ಅದರ ಮೇಲೆ ಕಿರುಚಾಟ. ತಿಂಗಳೊಳಗೆ ಅವನು ಕೆಟ್ಟ ರೇಡಿಯೋಗಳ ಭಾಗಗಳಿಂದ ಅಂಥದ್ದೇ ಪೆಟ್ಟಿಗೆಯೊಂದನ್ನು ಕಟ್ಟಿದ. ಕರೆಂಟನ್ನೇ ಸ್ವರವಾಗಿಸುವ ಪೆಟ್ಟಿಗೆ. ಹಾಡು ಬರೆದವನು, ಕಿರುಚಿದವನು ನಾನು. ಅದಿರು ಲಾರಿಗಳ ಸ್ಲೈಡುಗಳನ್ನು ಸೂಜಿಯಿಂದ ಗೀರಿ ಪ್ರೊಜೆಕ್ಟರಿನಿಂದ ಬಿಳಿ ಪಂಚೆಯ ಮೇಲೆ ಬಿಡುತ್ತಿದ್ದವನೂ ನಾನೇ. ಗೀರುವ ಯೋಚನೆ ಅವನದಿದ್ದರೂ ಇರಬಹುದು. ನನ್ನ ನೆನಪು ಯಾವಾಗಲೂ ನನ್ನ ಪಕ್ಷ.

ಕಂಪ್ಲಿಯಲ್ಲಿ ಪ್ರದರ್ಶನಕ್ಕೆ ಅಕ್ಕಿ ಗಿರಣಿಯ ಗೋದಾಮು ಸಿಕ್ಕಿತ್ತು, ಮಧ್ಯಾಹ್ನದ ಊಟದ ಬಿಡುವಿನಷ್ಟು ಹೊತ್ತು. ಬಾಗಿಲು ಮುಚ್ಚಿ ಕತ್ತಲು ಮಾಡಿದೆವು. ಶುರು ಮಾಡಿ ಸ್ವಲ್ಪ ಹೊತ್ತಿಗೆ ಮೂಟೆಗಳ ಮೇಲೆ ಕೂತಿದ್ದ ಹಮಾಲರೊಬ್ಬರು ಕೇಳಿದರು:

"ಏನ್ರಪ್ಪಾ, ಹಾಡು ಯಾವಾಗ ಚಾಲೂ? ಇನ್ನೂ ರಿಪೇರಿನ ನಡದೈತಲ್ಲ."

ಎಲ್ಲರೂ ನಕ್ಕರು. ಹಾಡು ಬಿಡುವಿನ ಹೊತ್ತನ್ನು ಮೀರಿತು. ಗಿರಣಿಯ ಮೋಟಾರುಗಳು ಶುರುವಾದವು, ವೋಲ್ಟೇಜ್ ಕುಸಿಯಿತು. ಪಂಚೆಯ ಮೇಲಿನ ಲಾರಿ ಮಬ್ಬಾಯಿತು, ಸ್ವರ ಜಾರತೊಡಗಿತು. ನಾನು ಬಾಯಿ ಮುಚ್ಚಿದೆ. ಅವನು ನಿಲ್ಲಿಸಲಿಲ್ಲ. ಪೆಟ್ಟಿಗೆಯ ಗುಂಡಿಗಳನ್ನು ತಿರುವುತ್ತಾ ಜಾರುವ ಸ್ವರದ ಬೆನ್ನು ಹತ್ತಿದ. ಚಿತ್ರವೂ ಸದ್ದೂ ಒಟ್ಟಿಗೆ ಮುಳುಗಿ, ಮೋಟಾರು ವೇಗ ಹಿಡಿದಂತೆ ಒಟ್ಟಿಗೆ ಎದ್ದವು.

"ಇನ್ನೊಮ್ಮಿ ಬಾರ್ಸಪ್ಪಾ," ಎಂದರು ಅದೇ ಹಮಾಲರು. ಅವನನ್ನು ನೋಡಿ, ನನ್ನನ್ನಲ್ಲ. ಆ ಮಾತು ಎಷ್ಟು ದಿನ ನನ್ನೊಳಗೆ ಉರಿಯಿತೋ...

ಮುಂದಿನ ಪ್ರದರ್ಶನ ಸಂಡೂರಿನಲ್ಲಿ. ಕ್ರಷರ್ ಶುರುವಾದಾಗ ಕರೆಂಟು ಇಳಿಯಲಿ ಎಂದೇ ಅವನು ಅದಿರು ಪುಡಿ ಮಾಡುವ ಜಾಗದ ಪಕ್ಕದ ಶೆಡ್ಡನ್ನು ಆರಿಸಿದ್ದ. ನಾನು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ಸ್ಟೆಬಿಲೈಜರನ್ನು ಮನೆಯಿಂದ ಹೊತ್ತೊಯ್ದೆ. ಶೆಡ್ಡಿನವರೇ ತರಲು ಹೇಳಿದ್ದರು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಯಾರೂ ಹೇಳಿರಲಿಲ್ಲ.

"ಪೆಟ್ಟಿಗಿ ಸುಟ್ಟೀತಲೇ, ಅದಕ್ಕ ತಂದೆ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ನಿನಗ ಅಷ್ಟು ಬೇಕಂದ್ರ ಹಾಕು ಬಿಡಲೇ."

ಹಾಕಿದೆ. ಕ್ರಷರ್ ಶುರುವಾಯಿತು, ಸ್ವರ ಅಲುಗಲಿಲ್ಲ. ನನ್ನ ಒಂದೊಂದು ಸಾಲೂ ಸ್ಪಷ್ಟವಾಗಿ ಕೇಳಿತು. ಜನ ಒಬ್ಬೊಬ್ಬರೇ ಎದ್ದು ಹೋದರು. ಆಮೇಲೆ ಅವನು ನನ್ನ ಜೊತೆ ನುಡಿಸಲಿಲ್ಲ. ಜಗಳವೂ ಆಡಲಿಲ್ಲ. ಕೇಳಿದಾಗಲೆಲ್ಲ, "ಅಂಗಡ್ಯಾಗ ಕೆಲ್ಸ ಭಾಳ ಐತಿ," ಅನ್ನುತ್ತಿದ್ದ.

ಅವನು ತೀರಿಕೊಂಡು ವರ್ಷವಾಯಿತು. ಹೋದ ವಾರ ಅವನ ಮಗಳು ಮನೆಗೆ ಬಂದಿದ್ದಳು. ಅಪ್ಪನ ಬಗ್ಗೆ ಬರೆಯುತ್ತಿದ್ದಾಳಂತೆ.

"ಕಾಕಾ, ಕಂಪ್ಲ್ಯಾಗ ಕರೆಂಟ್ ಇಳದಾಗ ಹಂಗ ಬಾರ್ಸಿದ್ದು ಅಪ್ಪನ ಐಡಿಯಾನಾ?"

"ಇಬ್ರದೂ ಅವ್ವಾ," ಎಂದೆ.

ಅವಳು ಬರೆದುಕೊಂಡಳು. ಸುಳ್ಳೆನ್ನಲು ಅವನಿಲ್ಲ. ಇದ್ದಿದ್ದರೂ ನಕ್ಕು, ಹೌದು ಎಂದುಬಿಡುತ್ತಿದ್ದ. ಅದಕ್ಕೂ ನನಗೆ ಹೊಟ್ಟೆಕಿಚ್ಚು.