ಪೆರಿಯನಾಯಕಿಯ ಮೊಣಕಾಲಿನ ಕೇಸು

ಪೆರಿಯನಾಯಕಿಗೆ ಗುದ್ದಿದ್ದು ಕೋಳಿ ಮೇವಿನ ವ್ಯಾನು. ಅದೂ ಮುಂದಕ್ಕೆ ಬಂದು ಗುದ್ದಲಿಲ್ಲ, ಹಿಂದಕ್ಕೆ ಬಂದು ಗುದ್ದಿತು. ಧಾರಾಪುರದ ಹತ್ತಿರದ ಆ ಊರಿನಲ್ಲಿ ಬೆಳಗಿನ ಆರೂವರೆಗೆ ಹಾಲಿನ ಸೊಸೈಟಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಬಿದ್ದವಳು ಕಾಲು ನೋಡಿಕೊಳ್ಳಲಿಲ್ಲ, ಕ್ಯಾನು ನೋಡಿಕೊಂಡಳು. ಒಂದು ಹನಿಯೂ ಚೆಲ್ಲಿರಲಿಲ್ಲ. ಎತ್ತಲು ಬಂದವರಿಗೆ, "ಮೊದಲು ಹಾಲು ಅಳೆಸಿ, ಆಮೇಲೆ ನನ್ನ ಎತ್ತಿ" ಎಂದಳು.

ಬಲಗಾಲಿನ ಮೊಣಕಾಲು ಚೂರಾಗಿತ್ತು. ಆಪರೇಷನ್ ಆಗಿ, ಒಳಗೆ ಪ್ಲೇಟು ಕೂತು, ಆರು ತಿಂಗಳಿಗೆ ನಡೆದಾಡುವಂತಾದಳು. ಧಾರಾಪುರದ ವಕೀಲ ಲೋಗನಾಥನ್ ವ್ಯಾನಿನ ಇನ್ಶೂರೆನ್ಸ್ ಕಂಪನಿಯ ಮೇಲೆ ಪರಿಹಾರದ ಕೇಸು ಹಾಕಿದರು. ಅರ್ಜಿಯ ನಕಲು ಮನೆಗೆ ಬಂದ ದಿನ ಸೊಸೆ ಕಲೈಸೆಲ್ವಿ ಅದನ್ನು ಓದಿ ಅರ್ಥ ಹೇಳಿದಳು. ಹೆಸರು ಸರಿ, ವಯಸ್ಸು ಐವತ್ತೆಂಟು ಸರಿ. ಉದ್ಯೋಗ: ಗೃಹಿಣಿ. ಆದಾಯ: ಇಲ್ಲ.

"ಏನು ಇಲ್ಲ?" ಎಂದಳು ಪೆರಿಯನಾಯಕಿ.

"ವೇಲೆ ಇಲ್ಲ, ಕೆಲಸ ಇಲ್ಲ ಅಂತ ಬರ್ದವ್ರೆ ಅತ್ತೆ."

ಮೂವತ್ನಾಲ್ಕು ವರ್ಷದಿಂದ ದಿನಕ್ಕೆ ಎರಡು ಹೊತ್ತು ಎಮ್ಮೆ ಕರೆದವಳಿಗೆ ಆ ಮಾತು ವ್ಯಾನಿಗಿಂತ ಜೋರಾಗಿ ಬಡಿಯಿತು. ಮಾರನೆಯ ದಿನದ ಬಸ್ಸಿಗೇ ವಕೀಲರ ಮುಂದೆ ಹೋಗಿ ಕೂತಳು. ಲೋಗನಾಥನ್ ತಮಿಳಿನಲ್ಲಿ ಸಮಾಧಾನವಾಗಿ ವಿವರಿಸಿದರು. ಸೊಸೈಟಿಯ ಪುಸ್ತಕ ಇನ್ನೂ ತೀರಿಹೋದ ಗಂಡನ ಹೆಸರಿನಲ್ಲಿದೆ, ಅವಳು ದುಡಿಯುತ್ತಿದ್ದಳು ಎನ್ನಲು ಒಂದು ಚೀಟಿಯೂ ಇಲ್ಲ.

"ಎಮ್ಮೆಗಳನ್ನ ಕರ್ಕೊಂಡು ಬರ್ಲಾ? ಅವು ಸಾಕ್ಷಿ ಹೇಳ್ತವೆ."

"ಬೇಡಮ್ಮಾ. ನೀವು ಕೋರ್ಟಿಗೆ ಬರುವಾಗ ಒಂದು ಕೋಲು ಹಿಡಿದು, ಚೆನ್ನಾಗಿ ಕುಂಟಿಕೊಂಡು ಬನ್ನಿ. ಅಷ್ಟು ಸಾಕು."

ಮನೆಗೆ ಬಂದು ಅಂಗಳದಲ್ಲಿ ಅಭ್ಯಾಸ ಶುರುಮಾಡಿದಳು. ಎರಡು ಸುತ್ತು ಹಾಕುವಷ್ಟರಲ್ಲಿ ಕಲೈಸೆಲ್ವಿ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡಳು. "ಅತ್ತೆ, ಮುರ್ದಿದ್ದು ಬಲಗಾಲು. ನೀವು ಎಡಗಾಲು ಕುಂಟ್ತಾ ಇದೀರಿ!"

ಪೆರಿಯನಾಯಕಿ ಕೋಲನ್ನು ಹಿತ್ತಲಿಗೆ ಎಸೆದಳು. "ಈ ಕೂತ್ತು, ಈ ನಾಟಕ ನನ್ನ ಕೈಲಿ ಆಗಲ್ಲ."

ಎರಡು ವಾರ ಕಳೆದು ಒಂದು ಬುಧವಾರ ಎಮ್ಮೆ ಕೊಳ್ಳಲೆಂದು ಒಬ್ಬ ಬಂದ. ಮೂವತ್ತರ ಆಸುಪಾಸು, ಹೆಗಲ ಮೇಲೆ ಹೊಸ ಟವೆಲು, ಟವೆಲಿನ ತುದಿಯಲ್ಲಿ ಅಂಗಡಿಯ ಬೆಲೆ ಚೀಟಿ ಹಾಗೇ ಇತ್ತು. ಜೇಬಿನಲ್ಲಿ ಒಂದು ಫೋನು ತಲೆ ಹೊರಗೆ ಹಾಕಿ ನಿಂತಿತ್ತು. ಅವನ ತಮಿಳು ವಿಚಿತ್ರವಾಗಿತ್ತು.

"ಅಮ್ಮಾ, ಇಂದ ಎರುಮೈ ಎವ್ವಳವು ಪಾಲು ಕುಡಿಕ್ಕುಂ?" ಎಂದ. ಕೊಡುವುದಕ್ಕೂ ಕುಡಿಯುವುದಕ್ಕೂ ಇರುವ ಅಂತರ ಅವನಿಗೆ ತಿಳಿದಂತಿರಲಿಲ್ಲ.

ತನ್ನ ಎಮ್ಮೆ ಹಾಲು ಕುಡಿಯುವುದಿಲ್ಲ, ಕೊಡುತ್ತದೆ, ಎಂಟು ಲೀಟರ್ ಕೊಡುತ್ತದೆ ಎಂದು ಅವಳು ತಮಿಳಿನಲ್ಲೇ ತಿದ್ದಿದಳು. ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದು ತನ್ನ ಮೂರೂ ಎಮ್ಮೆಗಳನ್ನು ತೋರಿಸಿದಳು. ಅವನು ಎಮ್ಮೆಗಳನ್ನು ಬಿಟ್ಟು ಅವಳ ಕಾಲನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಪ್ಯಾಂಟಿನ ಜೇಬಿನಲ್ಲಿ ಇನ್ನೊಂದು ಫೋನು ಹೊಡೆದುಕೊಂಡಿತು. ಅವನು ಅಲ್ಲೇ ನಿಂತು, ಅಚ್ಚ ತುಮಕೂರಿನ ಕನ್ನಡದಲ್ಲಿ ಮಾತಾಡಿದ.

"ಶ್ರೀಹರ್ಷ, ಮುದುಕಿ ಗುಂಡುಕಲ್ಲಿನ ಹಾಗೆ ಓಡಾಡ್ತಾ ಇದೆ ಕಣೋ. ಎಲ್ಲ ವಿಡಿಯೊ ಆಗ್ತಾ ಇದೆ. ಕ್ಲೇಮು ಅರ್ಧಕ್ಕರ್ಧ ಬಿತ್ತು ಅನ್ಕೋ. ಏ, ಜೋರಾಗಿ ಮಾತಾಡಿದ್ರೆ ಏನು? ಈ ಊರಲ್ಲಿ ಯಾರಿಗೆ ಕನ್ನಡ ಬರ್ಬೇಕು?"

ಮಜ್ಜಿಗೆ ತಂದ ಕಲೈಸೆಲ್ವಿ ಲೋಟ ಹಿಡಿದು ಕಲ್ಲಾದಳು. ಪೆರಿಯನಾಯಕಿ ಕಣ್ಣಲ್ಲೇ ಸುಮ್ಮನಿರು ಎಂದಳು. ಆಮೇಲೆ ಬಹಳ ಮರ್ಯಾದೆಯಿಂದ, ತಮಿಳಿನಲ್ಲಿ, ಕರೆದು ನೋಡದೆ ಎಮ್ಮೆ ಕೊಳ್ಳಬಾರದು ಎಂದು ಹೇಳಿ ಅವನ ಕೈಗೆ ಬಕೆಟ್ ಕೊಟ್ಟಳು. ಕೊಟ್ಟಿದ್ದು ಮೂರರಲ್ಲಿ ಮುಂಗೋಪದ ಎಮ್ಮೆಯ ಪಕ್ಕದಲ್ಲಿ. ಅವನು ಕುಕ್ಕರುಗಾಲಲ್ಲಿ ಕೂತು, ಬಾಗಿಲ ಗಂಟೆ ಒತ್ತುವವನ ಹಾಗೆ ಕೆಚ್ಚಲು ಒತ್ತಿದ. ಎಮ್ಮೆ ಒಂದು ಸಲ ತಿರುಗಿ ನೋಡಿತು. ಮುಂದಿನ ಕ್ಷಣ ಬಕೆಟ್ ಬೇಲಿಯ ಹತ್ತಿರವಿತ್ತು, ಅವನು ಸಗಣಿಯಲ್ಲಿದ್ದ.

"ನೀಂಗಳೇ... ನೀಂಗಳೇ ಕಾಟ್ಟುಂಗ ಅಮ್ಮಾ" ಎಂದ, ಕೂತಲ್ಲಿಂದಲೇ.

"ನನ್ನ ಕೈಲಿ ತೋರ್ಸಕ್ಕೆ ಆಗೋಂಗಿದ್ರೆ ನೀನು ಪೀಳಮೇಡಿಂದ ಇಲ್ಲಿಗಂಟ ಬರೋ ವೇಲೆಯೇ ಇರ್ತಿರ್ಲಿಲ್ಲ ಕಣ್ಣು" ಎಂದಳು ಪೆರಿಯನಾಯಕಿ, ಮಗುವಿಗೆ ಹೇಳುವ ಹಾಗೆ, ಕನ್ನಡದಲ್ಲಿ.

ಇನ್ಶೂರೆನ್ಸ್ ಕಂಪನಿಯ ಆಫೀಸು ಕೊಯಮತ್ತೂರಿನ ಪೀಳಮೇಡಿನಲ್ಲೇ ಇರಬೇಕೆಂದು ಆಕೆ ಸುಮ್ಮನೆ ಊಹಿಸಿದ್ದಳು, ಊಹೆ ಸರಿಯಾಗಿತ್ತು.

"ಅಮ್ಮಾ... ನಿಮಗೆ ಕನ್ನಡ ಬರುತ್ತಾ?"

"ನಮ್ಮ ಮನೇಲಿ ತಾತನ ಕಾಲದಿಂದ್ಲೂ ಹಸಿವಾದ್ರೂ ಕನ್ನಡ, ಜಗಳ ಆದ್ರೂ ಕನ್ನಡ. ಓದಕ್ಕೆ ಮಾತ್ರ ಬರಲ್ಲ. ಮುದುಕಿ ಅಂದೆಯಲ್ಲ, ಅದು ಓಗ್ಲಿ. ಗುಂಡುಕಲ್ಲು ಯಾರು?"

ಅವನ ಹೆಸರು ಸೋಮಶೇಖರ, ಇನ್ಶೂರೆನ್ಸ್ ಕಂಪನಿಯ ತನಿಖೆಗಾರ, ಕೊಯಮತ್ತೂರಿಗೆ ಬಂದು ಐದು ತಿಂಗಳಾಗಿತ್ತು. ಎಲ್ಲವನ್ನೂ ಅವನೇ ಒಪ್ಪಿಕೊಂಡ. ಪೆರಿಯನಾಯಕಿ ಬೈಯಲಿಲ್ಲ. "ಆ ಫೋನು ಸರ್ಯಾಗಿ ಹಿಡಿ. ನಡೀತೀನಿ, ಸುಳ್ಳಲ್ಲ, ಹಿಡ್ಕೋ. ಈಗ ಇದನ್ನೂ ಹಿಡ್ಕೋ" ಎಂದು ಎಮ್ಮೆಯ ಪಕ್ಕಕ್ಕೆ ಹೋಗಿ ಕಂಬ ಹಿಡಿದು ಕೂರಲು ನೋಡಿದಳು. ಅರ್ಧಕ್ಕೆ ಮೊಣಕಾಲು ನಿಂತಿತು. ಹಣೆಯಲ್ಲಿ ಬೆವರು ಒಡೆಯಿತು. ಇನ್ನೂ ಒಂದು ಗೇಣು ಇಳಿಯಲು ಹೋಗಿ ಜೋಲಿ ಹೊಡೆದಳು. ಕಲೈಸೆಲ್ವಿ ಓಡಿಬಂದು ತಬ್ಬಿಕೊಂಡಳು. ಅಪಘಾತವಾದ ಮೇಲೆ ಪೆರಿಯನಾಯಕಿ ಎಮ್ಮೆಯ ಹೊಟ್ಟೆಗೆ ಹಣೆಯಾನಿಸಿ ಕೂತು ಒಂದು ದಿನವೂ ಕರೆದಿರಲಿಲ್ಲ. ಅದನ್ನು ಮನೆಯ ಹೊರಗೆ ಯಾರಿಗೂ ಹೇಳಿಕೊಂಡೂ ಇರಲಿಲ್ಲ.

ಆಮೇಲೆ ಸೋಮಶೇಖರ ಕೈಕಾಲು ತೊಳೆದು ನಿಜವಾದ ಪ್ರಶ್ನೆಗಳನ್ನು ಕೇಳಿದ. ಎಷ್ಟು ವರ್ಷ, ಎಷ್ಟು ಲೀಟರ್, ಸೊಸೈಟಿಗೆ ಎಷ್ಟು, ಕರುಪ್ಪುಸಾಮಿಯ ಟೀ ಅಂಗಡಿಗೆ ಎಷ್ಟು. ಎಲ್ಲ ಕ್ಯಾಮೆರಾದ ಮುಂದೆ. ಹುರುಳಿ ಸಾರಿನಲ್ಲಿ ಊಟ ಮಾಡಿ, ಬೆಲೆ ಚೀಟಿ ಕಿತ್ತ ಟವೆಲನ್ನು ಅಲ್ಲೇ ಬಿಟ್ಟು ಹೋದ.

ಲೋಕ ಅದಾಲತ್ತಿನ ದಿನ ಪೆರಿಯನಾಯಕಿ ಕೋಲಿಲ್ಲದೆ ನೆಟ್ಟಗೆ ನಡೆದು ಬಂದದ್ದನ್ನು ಕಂಡು ಲೋಗನಾಥನ್ ಹಣೆ ಚಚ್ಚಿಕೊಂಡರು. ಕಂಪನಿಯ ವಕೀಲರು ಲ್ಯಾಪ್‌ಟಾಪ್ ತೆರೆದು, "ನೋಡಿ, ಅರ್ಜಿದಾರರು ಎಷ್ಟು ಆರಾಮವಾಗಿ ಓಡಾಡುತ್ತಿದ್ದಾರೆ" ಎಂದು ವಿಡಿಯೊ ಹಾಕಿದರು. ಸೋಮಶೇಖರ ಒಂದು ತುಣುಕನ್ನೂ ಕತ್ತರಿಸದೆ ಕಳಿಸಿದ್ದ. ವಕೀಲರು ಎರಡು ನಿಮಿಷಕ್ಕಿಂತ ಮುಂದೆ ನೋಡಿರಲಿಲ್ಲ. ಅವರು ನಿಲ್ಲಿಸಲು ಹೋದಾಗ ನ್ಯಾಯಾಧೀಶರು, "ಇರಲಿ, ಓಡಲಿ" ಎಂದರು.

ಓಡಿತು. ಕನ್ನಡದ ಫೋನು ಮಾತು ಬಂದಾಗ ನ್ಯಾಯಾಧೀಶರು ಇದೇನು ಭಾಷೆ ಎಂದರು. ಪೆರಿಯನಾಯಕಿ ಎದ್ದು ನಿಂತು, ಗುಂಡುಕಲ್ಲನ್ನೂ ಬಿಡದೆ, ತಮಿಳಿನಲ್ಲಿ ಅರ್ಥ ಹೇಳಿದಳು. ಬಕೆಟ್ ಹಾರಿದಾಗ ಗುಮಾಸ್ತನೂ ನಕ್ಕ. ಆದರೆ ಆಕೆ ಕಂಬ ಹಿಡಿದು ಕೂರಲಾರದೆ ಜೋಲಿ ಹೊಡೆದದ್ದು ಬಂದಾಗ ನ್ಯಾಯಾಧೀಶರು ಮುಂದಕ್ಕೆ ಬಾಗಿ ನೋಡಿದರು.

ಕಂಪನಿಯ ವಕೀಲರು ಕೊನೆಯ ಪ್ರಯತ್ನ ಮಾಡಿದರು. "ಸ್ಟೂಲಿನ ಮೇಲೆ ಕೂತು ಕರೆಯಬಹುದಲ್ಲಾ?"

"ನಾನು ಸ್ಟೂಲಿಗೆ ಒಪ್ಕೋತೀನಿ ಸಾರ್, ಎಮ್ಮೆ ಒಪ್ಪಲ್ಲ. ನೀವೇ ಒಂದಿನ ಬಂದು ಅದರ ಹತ್ರ ವಾದ ಮಾಡಿ."

ಮಧ್ಯಾಹ್ನದೊಳಗೆ ರಾಜಿಯಾಯಿತು. ಕಂಪನಿ ಮೊದಲು ಕೊಡುತ್ತೇನೆಂದಿದ್ದ ದುಡ್ಡಿನ ಎರಡು ಪಟ್ಟಿನ ಹತ್ತಿರ. ಆದೇಶದಲ್ಲಿ ನ್ಯಾಯಾಧೀಶರು ಉದ್ಯೋಗ ಹೈನುಗಾರಿಕೆ ಎಂದು ಬರೆಯಿಸಿದರು. ಪೆರಿಯನಾಯಕಿ ಆ ಸಾಲನ್ನು ಲೋಗನಾಥನ್ ಬಾಯಿಂದ ಎರಡು ಸಲ ಓದಿಸಿ, ಆಮೇಲೆ ರುಜು ಹಾಕಿದಳು.

ಆ ದುಡ್ಡಿನಲ್ಲಿ ಹಾಲು ಕರೆಯುವ ಮೆಷಿನ್ನು ಬಂತು. ಎರಡು ಎಮ್ಮೆಗಳು ವಾರದಲ್ಲಿ ಒಗ್ಗಿಕೊಂಡವು. ಮುಂಗೋಪದ್ದು ಮೆಷಿನ್ನಿನ ಪೈಪನ್ನು ಎರಡು ಸಲ ತುಳಿದು ಹರಿದಿದೆ. ಅದನ್ನು ಈಗಲೂ ಕಲೈಸೆಲ್ವಿ ಕೈಯಿಂದಲೇ ಕರೆಯಬೇಕು. ನೊರೆ ಸಾಲದು ಎಂದು ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಬೈಯುತ್ತಿರುತ್ತಾಳೆ.